ಅಂಗೈಯಲ್ಲಿ ಅಡಗಿದ ದಾರಿ



ಸಂತರ ಚರಿತ್ರೆಯನ್ನು ಓದುವಾಗ ನಾವು ಸಾಮಾನ್ಯವಾಗಿ ಅವರ ಮನಪರಿವರ್ತನೆಯ ನಂತರದ ಪುಟಗಳಿಗೆ ಅವಸರದಿಂದ ಸಾಗುತ್ತೇವೆ. ಆದರೆ ಸಂತ ಚಾರ್ಲ್ಸ್ ದ ಫುಕೋರವರ ವಿಷಯದಲ್ಲಿ, ಅದಕ್ಕೂ ಮುಂಚಿನ ಹನ್ನೊಂದು ತಿಂಗಳ ಪಯಣವೊಂದನ್ನು ನಿಧಾನವಾಗಿ ಓದಬೇಕು.

1858ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಜನಿಸಿದ ಚಾರ್ಲ್ಸ್, ಆರು ವರ್ಷ ತುಂಬುವ ಮುನ್ನವೇ ತಂದೆತಾಯಿಯನ್ನು ಕಳೆದುಕೊಂಡರು. ಹರೆಯದಲ್ಲಿ ವಿಶ್ವಾಸವನ್ನೂ ಕಳೆದುಕೊಂಡರು. ಫ್ರೆಂಚ್ ಸೇನೆಯ ಅಧಿಕಾರಿಯಾಗಿ, 1882ರಲ್ಲಿ ಆ ಹುದ್ದೆಯನ್ನು ತೊರೆದರು. ಅವರ ಕಣ್ಣು ಮೊರಾಕೊದ ಒಳನಾಡಿನ ಮೇಲಿತ್ತು. ಅಂದು ಕ್ರೈಸ್ತನೆಂದು ಹೇಳಿಕೊಂಡು ಅಲ್ಲಿ ಸಂಚರಿಸುವುದು ಪ್ರಾಣಕ್ಕೇ ಅಪಾಯ. ಹೀಗಾಗಿ ಅವರು ಯೆಹೂದಿ ರಬ್ಬಿಯ ವೇಷ ಧರಿಸಿದರು. ದಕ್ಷಿಣ ಮೊರಾಕೊದ ಅಕ್ಕಾ ಓಯಸಿಸ್‌ನಲ್ಲಿ ಹುಟ್ಟಿ, ಟಿಂಬಕ್ಟುವಿನವರೆಗೆ ವ್ಯಾಪಾರ ನಡೆಸಿದ್ದ ಮೊರ್ದೆಕಾಯ್ ಅಬಿ ಸೆರೂರ್ ಎಂಬ ನಿಜವಾದ ರಬ್ಬಿ ಅವರಿಗೆ ಮಾರ್ಗದರ್ಶಕನಾದ.

1883ರ ಜೂನ್‌ನಲ್ಲಿ ಟ್ಯಾಂಜಿಯರ್‌ನಿಂದ ಪಯಣ ಆರಂಭವಾಯಿತು. ಫೆಜ್, ಮೆಕ್ನೆಸ್ ನಗರಗಳನ್ನು ದಾಟಿ, ಅಟ್ಲಾಸ್ ಪರ್ವತಗಳ ಕಣಿವೆಗಳನ್ನೇರಿ ಇಳಿದು, ಸಹಾರಾ ಮರುಭೂಮಿಯ ಅಂಚಿನ ಓಯಸಿಸ್‌ಗಳನ್ನು ಅವರು ತಲುಪಿದರು. ಗಾಡಿ ಸಾಗುವ ದಾರಿಗಳಿರಲಿಲ್ಲ, ಹೇಸರಗತ್ತೆಗಳೇ ಆಧಾರ. ಸುಲ್ತಾನರ ಆಜ್ಞೆ ನಡೆಯದ ಸೀಮೆಗಳಲ್ಲಿ, ಹಣ ಪಡೆದು ರಕ್ಷಣೆಯ ಹೊಣೆ ಹೊರುವ ಸ್ಥಳೀಯನೊಬ್ಬ ಜೊತೆಗಿರಲೇಬೇಕಿತ್ತು. ಅವನ ಕುಲದ ಎಲ್ಲೆ ಮುಗಿದಲ್ಲಿ ಮತ್ತೊಬ್ಬ. ಒಟ್ಟಿನಲ್ಲಿ, ಮತ್ತೊಬ್ಬರ ಮಾತೇ ದಾರಿಯಾಗಿತ್ತು! ಚಾರ್ಲ್ಸ್ ಮಾತ್ರ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಪುಸ್ತಕದಲ್ಲಿ ಬೆಟ್ಟ, ತೊರೆ, ತಿರುವುಗಳನ್ನು ಗುಟ್ಟಾಗಿ ಗುರುತಿಸಿಕೊಳ್ಳುತ್ತಿದ್ದರು.

ಆ ವೇಷ ಅವರಿಗೆ ಎರಡು ಪಾಠಗಳನ್ನು ಕಲಿಸಿತು. ಮೊದಲನೆಯದು ತಿರಸ್ಕಾರದ ರುಚಿ. ಯೆಹೂದ್ಯರು ದಿನವೂ ನುಂಗುತ್ತಿದ್ದ ಅವಮಾನವನ್ನು ಈ ಶ್ರೀಮಂತ ಕುಲೀನರು ತಾವೂ ನುಂಗಿದರು. ಎರಡನೆಯದು ಪ್ರಾರ್ಥನೆ. ದೇವರ ಸಾನ್ನಿಧ್ಯದಲ್ಲೇ ಬದುಕುತ್ತಿದ್ದ ಮುಸ್ಲಿಮರ ನಿಷ್ಠೆ ತಮ್ಮನ್ನು ಆಳವಾಗಿ ಕಲಕಿತೆಂದು ಮುಂದೆ ಅವರೇ ಬರೆದರು. ಟಿಸ್ಸಿಂಟ್ ಎಂಬಲ್ಲಿ, ಅವರು ಕ್ರೈಸ್ತರೆಂದು ತಿಳಿದ ಮೇಲೂ ಮುಸ್ಲಿಮನೊಬ್ಬ ಗೆಳೆಯನಾಗಿ ಕಾಪಾಡಿದ. ಪಯಣದ ಕೊನೆಯಲ್ಲಾದರೋ ಕಾವಲಿಗೆ ಬಂದವರೇ ಅವರನ್ನು ದೋಚಿದರು. 1884ರ ಮೇ 23ರಂದು ಅವರು ಅಲ್ಜೀರಿಯದ ಗಡಿ ಸೇರಿದರು.

1885ರಲ್ಲಿ ಪ್ಯಾರಿಸ್ಸಿನ ಭೂಗೋಳ ಸಂಘ ಅವರಿಗೆ ಚಿನ್ನದ ಪದಕವಿತ್ತಿತು. 1888ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಆತಿಥ್ಯ ನೀಡಿದವರ ನಾಡನ್ನು ಅವರಿಗರಿಯದಂತೆ ಅಳೆದು ತಂದ ನಕ್ಷೆ ಅದು. 1912ರಲ್ಲಿ ಮೊರಾಕೊ ಫ್ರಾನ್ಸಿನ ಅಧೀನವಾಯಿತು. ಮುಂದೆ ಮರುಭೂಮಿಯಲ್ಲಿ ಗುಲಾಮಗಿರಿಯನ್ನು ಸಹಿಸಿದ ಫ್ರೆಂಚ್ ಆಡಳಿತವನ್ನು ಫುಕೋ ಖಂಡಿಸಿದರು; ಆದರೆ ಆ ಆಳ್ವಿಕೆಯನ್ನೇ ಪ್ರಶ್ನಿಸಲಿಲ್ಲ. ಸಂತರೂ ತಮ್ಮ ಕಾಲದ ಮಕ್ಕಳೇ.

1886ರಲ್ಲಿ ಪ್ಯಾರಿಸ್ಸಿನ ದೇವಾಲಯವೊಂದರಲ್ಲಿ ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ ಅವರು ವಿಶ್ವಾಸಕ್ಕೆ ಮರಳಿದರು. 1901ರಲ್ಲಿ ಯಾಜಕದೀಕ್ಷೆ ಪಡೆದು ಮತ್ತೆ ಸಹಾರಾ ಸೇರಿದರು. 1905ರಿಂದ ಹೊಗ್ಗಾರ್ ಪರ್ವತಸೀಮೆಯ ತಮನ್ರಸೆತ್‌ನಲ್ಲಿ ತುವಾರೆಗ್ ಜನರ ನಡುವೆ ಬಾಳಿದರು. ಈ ಸಲ ವೇಷವಿರಲಿಲ್ಲ. ಗುಟ್ಟಿನ ಪುಸ್ತಕದ ಬದಲು ಆ ಜನರ ನುಡಿಯ ನಿಘಂಟನ್ನು ರಚಿಸಿದರು, ಅವರ ಕಾವ್ಯವನ್ನು ಸಂಗ್ರಹಿಸಿದರು. 1908ರಲ್ಲಿ ಸಾವಿನಂಚಿಗೆ ಜಾರಿದಾಗ, ಬರಗಾಲದ ನಡುವೆಯೂ ನೆರೆಹೊರೆಯವರು ಸಿಕ್ಕಷ್ಟು ಮೇಕೆಹಾಲು ಕೂಡಿಸಿ ತಂದು ಅವರನ್ನು ಉಳಿಸಿಕೊಂಡರು. ಕೊಡಲು ಬಂದವರು ಬೇಡುವವರಾದರು. ನನ್ನ ಮಟ್ಟಿಗೆ ಅವರ ನಿಜವಾದ ಪಯಣ ಗುರಿ ಮುಟ್ಟಿದ್ದು ಅಂದೇ.

1916ರ ಡಿಸೆಂಬರ್ 1ರಂದು, ಮಹಾಯುದ್ಧದ ಗೊಂದಲದಲ್ಲಿ, ದಾಳಿಕೋರರ ಗುಂಡಿಗೆ ಅವರು ಬಲಿಯಾದರು. ಆಗ ಅವರ ಬಳಿ ಒಬ್ಬ ಶಿಷ್ಯನೂ ಇರಲಿಲ್ಲ. 2022ರ ಮೇ 15ರಂದು ಪೋಪ್ ಫ್ರಾನ್ಸಿಸ್‌ರವರು ಅವರನ್ನು ಸಂತರೆಂದು ಘೋಷಿಸಿದರು. ಅದೇ ಬಲಿಪೂಜೆಯಲ್ಲಿ ನಮ್ಮ ನೆರೆನಾಡಿನ ರಕ್ತಸಾಕ್ಷಿ ದೇವಸಹಾಯಂರವರಿಗೂ ಆ ಗೌರವ ಸಂದಿತು.

ಪ್ರಿಯರೇ, ನಮ್ಮ ಬೀದಿಯಲ್ಲೂ ಬೇರೆ ರೀತಿಯಲ್ಲಿ ಪ್ರಾರ್ಥಿಸುವ ನೆರೆಯವರಿದ್ದಾರೆ. ಅವರ ವಿಷಯವಾಗಿ ನಾವು ಎಷ್ಟೋ ಬಲ್ಲೆವೆಂದುಕೊಂಡಿದ್ದೇವೆ. ಅವರ ಮನೆಯ ಒಂದು ಲೋಟ ಹಾಲನ್ನು ಕೃತಜ್ಞತೆಯಿಂದ ಸ್ವೀಕರಿಸಿ ನಮಗೆಷ್ಟು ಕಾಲವಾಯಿತು?