ಕಡಲಿಗೆ ಕಿವಿಗೊಟ್ಟ ಕಥೆ

ಮಲಪ್ರಭಾ ನದಿ ಹುಟ್ಟುವುದು ನಮ್ಮ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಬೆಳಗಾವಿ ನಗರ ಕುಡಿಯುವುದು ರಕ್ಕಸಕೊಪ್ಪ ಜಲಾಶಯದ ನೀರು. ಎರಡನ್ನೂ ತುಂಬುವ ಮುಂಗಾರು ಬರುವುದು ಕಡಲಿನಿಂದ. ಹೀಗಾಗಿ ಕಡಲು ಎಷ್ಟು ಕಾದಿದೆ ಎನ್ನುವುದು ನಮ್ಮ ಭತ್ತದ ಗದ್ದೆಯ ಪ್ರಶ್ನೆಯೂ ಹೌದು.

ಭೂಮಿಯಲ್ಲಿ ಹೆಚ್ಚುತ್ತಿರುವ ಬಿಸಿಯ ಶೇ. 90ರಷ್ಟನ್ನು ಕಡಲೇ ನುಂಗುತ್ತಿದೆ. ಮೇಲ್ಮೈಯ ಬಿಸಿಯನ್ನು ಉಪಗ್ರಹ ಅಳೆಯುತ್ತದೆ. ಆಳ ಅದಕ್ಕೆ ಕಾಣದು. ಅಲ್ಲಿ ಕಣ್ಣಿಗಿಂತ ಕಿವಿಯೇ ಮೇಲು.

ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವ ನಾಲ್ಕು ಪಟ್ಟು. ಆಳದ ಒಂದು ಪದರದಲ್ಲಿ ಅದು ಸಾವಿರಾರು ಕಿ.ಮೀ. ಸಾಗಬಲ್ಲದೆಂದು 1940ರ ದಶಕದಲ್ಲಿ ಅಮೆರಿಕದ ಮಾರಿಸ್ ಯೂಯಿಂಗ್ ತೋರಿಸಿದರು. 1950ರ ದಶಕದಲ್ಲಿ ಅಲ್ಲಿನ ನೌಕಾಪಡೆ ಸೋವಿಯತ್ ಜಲಾಂತರ್ಗಾಮಿಗಳ ಸುಳಿವು ಹಿಡಿಯಲು ಕಡಲ ತಳದಲ್ಲಿ ಗುಟ್ಟಾಗಿ ಮೈಕ್ ಇಟ್ಟಿತು. ಅಲೆ, ಮಳೆ, ತಿಮಿಂಗಿಲದ ಹಾಡು ಅವರಿಗೆ ಬರೀ ಗದ್ದಲ. ಶೀತಲ ಸಮರ ಮುಗಿದ ಮೇಲೆ, 1990ರ ದಶಕದಲ್ಲಿ, ಆ ಮೈಕುಗಳು ವಿಜ್ಞಾನಿಗಳಿಗೂ ಸಿಕ್ಕವು.

ಅಣ್ವಸ್ತ್ರ ಪರೀಕ್ಷೆ ಪತ್ತೆಗೆಂದು ಕಡಲಲ್ಲಿಟ್ಟ ಬೇರೆ ಮೈಕುಗಳೂ ಇವೆ. ಅವುಗಳಲ್ಲಿ ದಾಖಲಾದ ಸಹಜ ಗದ್ದಲದಿಂದಲೇ ಆಳದ ಬಿಸಿ ತಿಳಿಯಬಹುದೆಂದು 2015ರಲ್ಲಿ ಸಂಶೋಧಕರು ತೋರಿಸಿದರು. ಲೆಕ್ಕ ಸರಳ: ನೀರು ಬಿಸಿಯಾದಷ್ಟೂ ಒಂದು ಮೈಕಿನಿಂದ ಇನ್ನೊಂದಕ್ಕೆ ಸದ್ದು ಬೇಗ ತಲುಪುತ್ತದೆ. ನಮ್ಮ ಹಿಂದೂ ಮಹಾಸಾಗರದಲ್ಲಿ ಇಟ್ಟ ಇಂಥದೇ ಮೈಕುಗಳು, ಅದುವರೆಗೆ ಯಾರಿಗೂ ಗೊತ್ತಿರದ ನೀಲಿ ತಿಮಿಂಗಿಲಗಳ ಒಂದು ಗುಂಪಿನ ಸುಳಿವು ಕೊಟ್ಟವು. ಆ ಸುದ್ದಿ ಹೊರಬಿದ್ದದ್ದು 2021ರಲ್ಲಿ.

ಯುದ್ಧದ ಭಯದಿಂದ ಇಟ್ಟ ಕಿವಿಗಳಿವು. ಇಂದು ಅವು ನಮಗೆ ಮಳೆ ಕಳಿಸುವ ಕಡಲಿನ ಆರೋಗ್ಯ ಹೇಳಬಲ್ಲವು. ಆದರೆ ಆಳದ ಬಿಸಿ ನಿಧಾನಕ್ಕೆ ಬದಲಾಗುತ್ತದೆ. ಒಂದು ವರ್ಷ ಕೇಳಿ ಬಿಟ್ಟರೆ ಸಾಲದು, ದಶಕಗಟ್ಟಲೆ ಕೇಳುತ್ತಲೇ ಇರಬೇಕು.