ಚಾರ್ಜರ್ ಮೇಲಿನ ಸ್ವಿಚ್ಚುಗಳ ಚರಿತ್ರೆ

ಕಾರು, ಬೈಕಿನ ಬ್ಯಾಟರಿ ಚಾರ್ಜರ್ ಮೇಲೆ ಇಂದು ಕಾಣುವ 6 ಅಥವಾ 12 ವೋಲ್ಟ್, 2 ಅಥವಾ 10 ಆಂಪಿಯರ್, ಎಜಿಎಂ, ಜೆಲ್, ಲಿಥಿಯಂ ಎಂಬ ಆಯ್ಕೆಗಳು ಒಂದೇ ಕಾಲಕ್ಕೆ ಬಂದವಲ್ಲ. ಬ್ಯಾಟರಿ ಬದಲಾದ ಹಾಗೆಲ್ಲ ಒಂದೊಂದಾಗಿ ಸೇರಿಕೊಂಡವು. ಯಾವುದು ಏಕೆ ಬಂತೆಂದು ಗೊತ್ತಿದ್ದರೆ ಯಾವಾಗ ಯಾವುದನ್ನು ಆರಿಸಬೇಕೆಂಬುದೂ ತಿಳಿಯುತ್ತದೆ.

ಫ್ರಾನ್ಸಿನ ಗಾಸ್ತೋ ಪ್ಲಾಂತೆ 1859ರಲ್ಲಿ ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ರೂಪಿಸಿದ. 1881ರಲ್ಲಿ ಕಮೀಲ್ ಫೋರ್ ಸೀಸದ ಆಕ್ಸೈಡಿನ ಲೇಪ ಬಳಿದ ಪ್ಲೇಟುಗಳನ್ನು ತಂದ ಮೇಲೆ ಅದನ್ನು ಕಾರ್ಖಾನೆಯಲ್ಲಿ ತಯಾರಿಸುವುದು ಸುಲಭವಾಯಿತು. ಆದರೂ ಚಾರ್ಜಿಂಗ್ ಎಂಬುದು ಬೀದಿಬೀದಿಯ ಕಸುಬಾಗಲು 1912 ಬರಬೇಕಾಯಿತು. ಆ ವರ್ಷ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬಂತು. ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿತು. ಆದರೆ ಬ್ಯಾಟರಿ ಇಳಿದರೆ ಕಾರು ನಿಂತಲ್ಲೇ ನಿಲ್ಲುವ ಹೊಸ ತೊಂದರೆ ಶುರುವಾಯಿತು.

ಬ್ಯಾಟರಿಗೆ ಬೇಕಾದದ್ದು ಡಿಸಿ ವಿದ್ಯುತ್ತು. ಡಿಸಿ ಸರಬರಾಜಿದ್ದ ಊರುಗಳಲ್ಲಿ ಕೆಲಸ ಸರಳವಾಗಿತ್ತು. ಬಿರಡೆ ಬಿಚ್ಚಿದ ಬ್ಯಾಟರಿಗಳನ್ನು ಮರದ ಮೇಜಿನ ಮೇಲೆ ಸಾಲಾಗಿಟ್ಟು, ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಕಟ್ಟಿ, ನಡುವೆ ಬಲ್ಬುಗಳ ಹಲಗೆಯೊಂದನ್ನು ಸೇರಿಸುತ್ತಿದ್ದರು. 110 ವೋಲ್ಟಿನಲ್ಲಿ 100 ವಾಟಿನ ಒಂದು ಬಲ್ಬು 0.9 ಆಂಪಿಯರ್‌ಗಿಂತ ಹೆಚ್ಚು ಬಿಡುವುದಿಲ್ಲ. ಹೆಚ್ಚು ಕರೆಂಟು ಬೇಕಾದರೆ ಪಕ್ಕದಲ್ಲಿ ಮತ್ತೊಂದು ಬಲ್ಬು ಹಾಕಿದರಾಯಿತು. ಆಂಪಿಯರ್ ಸ್ವಿಚ್ಚಿನ ಮೊದಲ ರೂಪ ಈ ಹಲಗೆಯೇ.

ಇಂಥ ಸಾಲಿನಲ್ಲಿ ಎಲ್ಲ ಬ್ಯಾಟರಿಗಳಲ್ಲೂ ಹರಿಯುವುದು ಒಂದೇ ಕರೆಂಟು. ಕಾರಿನ ದೊಡ್ಡ ಬ್ಯಾಟರಿಗೆ ಹಿತವಾದ 5 ಆಂಪಿಯರ್ ಬೈಕಿನ ಪುಟ್ಟ ಬ್ಯಾಟರಿಯಲ್ಲೂ ಹರಿದರೆ ಅದು ಬಿಸಿಯೇರಿ, ಪ್ಲೇಟು ಬಾಗಿ, ಲೇಪ ಉದುರುತ್ತದೆ. ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟೇ ಕರೆಂಟು ಕೊಡಬೇಕೆಂಬ ಗ್ಯಾರೇಜಿನ ಲೆಕ್ಕ ಕಾಪಾಡುವುದು ಇದರಿಂದಲೇ, ಮತ್ತು ಅದು ಇಂದಿಗೂ ನಂಬತಕ್ಕ ಲೆಕ್ಕ. 40 ಆಂಪಿಯರ್-ಅವರ್ ಬ್ಯಾಟರಿಗೆ 4 ಆಂಪಿಯರ್ ಸಾಕು. 5 ಆಂಪಿಯರ್-ಅವರ್‌ನ ಬೈಕ್ ಬ್ಯಾಟರಿಗೆ ಅರ್ಧ ಆಂಪಿಯರ್.

ಎಸಿ ವಿದ್ಯುತ್ತು ಹರಡಿದಂತೆ ಅದನ್ನು ಡಿಸಿಗೆ ತಿರುಗಿಸುವ ಸಾಧನ ಬೇಕಾಯಿತು. ಮೊದಲು ಪೀಟರ್ ಕೂಪರ್ ಹ್ಯೂಯಿಟ್‌ನ ಪಾದರಸದ ರೆಕ್ಟಿಫೈಯರ್, ಆಮೇಲೆ ಟಂಗಾರ್ ಬಲ್ಬು, ಸೆಲೆನಿಯಂ ತಟ್ಟೆಗಳು, ಕೊನೆಗೆ ಸಿಲಿಕಾನ್ ಡಯೋಡು. ಡಯೋಡು ಅಗ್ಗವಾದ ಮೇಲೆ ಚಾರ್ಜರ್ ಮನೆಗಳಲ್ಲೂ ಸಾಮಾನ್ಯವಾಯಿತು.

ವೋಲ್ಟೇಜಿನ ಸ್ವಿಚ್ಚು ಬಂದದ್ದು ಎಂಜಿನ್ ಬೆಳೆದದ್ದರಿಂದ. ಮೊದಲು ಹೆಚ್ಚಿನ ಕಾರುಗಳಲ್ಲಿದ್ದದ್ದು ಮೂರು ಸೆಲ್‌ಗಳ 6 ವೋಲ್ಟ್ ಬ್ಯಾಟರಿ. ದೊಡ್ಡ ಎಂಜಿನನ್ನು ತಿರುಗಿಸಲು ಅದು ಸಾಲದಾದಾಗ, 1950ರ ದಶಕದ ನಡುವೆ ಅಮೆರಿಕದ ಕಾರುಗಳು 12 ವೋಲ್ಟಿಗೆ ಹೋದವು. ಅಷ್ಟೇ ಶಕ್ತಿಗೆ ಅರ್ಧ ಕರೆಂಟು ಸಾಕಾಗುವುದರಿಂದ ತಂತಿಯೂ ತೆಳುವಾಯಿತು. ಬೈಕುಗಳು ಈ ದಾರಿಗೆ ಬಂದದ್ದು ತಡವಾಗಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ 250 ಬೈಕು 6 ವೋಲ್ಟಿನದು. ಅಂಥ ಬೈಕನ್ನು ಉಳಿಸಿಕೊಂಡವರಿಗೆ ಆ ಸ್ವಿಚ್ಚು ಇಂದೂ ಬೇಕು. 6 ವೋಲ್ಟಿನ ಬ್ಯಾಟರಿಗೆ 12ರ ಆಯ್ಕೆ ಕೊಟ್ಟರೆ ಆಸಿಡ್ ಕುದಿದು ಬ್ಯಾಟರಿ ಹಾಳಾಗುತ್ತದೆ. ತಿರುವುಮುರುವಾದರೆ ಚಾರ್ಜೇ ಆಗುವುದಿಲ್ಲ. ವೋಲ್ಟೇಜನ್ನು ತಾನೇ ಗುರುತಿಸುವ ಚಾರ್ಜರ್ ಕೂಡ, ತೀರಾ ಇಳಿದ 12 ವೋಲ್ಟ್ ಬ್ಯಾಟರಿಯನ್ನು 6 ವೋಲ್ಟಿನದೆಂದು ತಪ್ಪಾಗಿ ತಿಳಿಯಬಹುದು.

ಚಾರ್ಜ್ ತುಂಬಿತೆಂದು ತಿಳಿಯುವುದು ಬಹುಕಾಲ ಮನುಷ್ಯನ ಕಣ್ಣಿನ ಕೆಲಸವಾಗಿತ್ತು. ಹೈಡ್ರೋಮೀಟರಿಗೆ ಆಸಿಡ್ ಎಳೆದು ನೋಡಿದಾಗ ತೇಲುಬುರುಡೆ ಸಾಪೇಕ್ಷ ಸಾಂದ್ರತೆ 1.28ರ ಸುಮಾರಿಗೆ ನಿಂತು, ಎಲ್ಲ ಸೆಲ್‌ಗಳಲ್ಲೂ ಗುಳ್ಳೆ ಏಳುತ್ತಿದ್ದರೆ ತಂತಿ ಬಿಚ್ಚುತ್ತಿದ್ದರು. ಗುಳ್ಳೆಯೆಂದರೆ ಒಡೆದ ನೀರು, ಅಂದರೆ ಜಲಜನಕ ಮತ್ತು ಆಮ್ಲಜನಕ. ಕಳೆದ ನೀರಿಗೆ ಬದಲು ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದರು. ಆ ಕೋಣೆಯಲ್ಲಿ ಬೀಡಿ ಹಚ್ಚುವುದು ಅಪಾಯವಾಗಿದ್ದೂ ಆ ಗುಳ್ಳೆಗಳಿಂದಲೇ.

ಮುಚ್ಚಿದ ಬ್ಯಾಟರಿಗಳು ಈ ಪದ್ಧತಿಯನ್ನೇ ಬದಲಿಸಿದವು. ಜೆಲ್ ಬ್ಯಾಟರಿಯಲ್ಲಿ ಆಸಿಡ್ ಗಟ್ಟಿಯಾಗಿರುತ್ತದೆ. 1970ರ ದಶಕದಲ್ಲಿ ಬಂದ ಎಜಿಎಂನಲ್ಲಿ ಗಾಜಿನ ನಾರಿನ ಚಾಪೆ ಅದನ್ನು ಹೀರಿಕೊಂಡಿರುತ್ತದೆ. ಎರಡಕ್ಕೂ ನೀರು ಹಾಕುವಂತಿಲ್ಲ, ಒಳಗೆ ನೋಡುವಂತೆಯೂ ಇಲ್ಲ. ಹಾಗಾಗಿ ಎಲ್ಲಿ ನಿಲ್ಲಿಸಬೇಕೆಂಬ ತೀರ್ಮಾನ ಚಾರ್ಜರ್‌ನ ಪಾಲಿಗೆ ಬಂತು. 12 ವೋಲ್ಟಿನ ಎಜಿಎಂಗೆ 14.7 ವೋಲ್ಟ್‌ವರೆಗೆ ಒಪ್ಪುವುದುಂಟು. ಜೆಲ್‌ಗೆ ಅದು ಅತಿಯಾಯಿತು, 14.1ರ ಆಸುಪಾಸೇ ಕ್ಷೇಮ. ಒಮ್ಮೆ ಮಿತಿ ಮೀರಿ ಜೆಲ್‌ನೊಳಗೆ ಅನಿಲದ ಪೊಳ್ಳು ಬಿದ್ದರೆ ಅದು ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಇತ್ತೀಚಿನ ಬೈಕುಗಳ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಸೀಸವೇ ಇಲ್ಲ. ಸೀಸದ ಪ್ಲೇಟಿನ ಸಲ್ಫೇಟ್ ಕರಗಿಸಲು ಕೆಲವು ಚಾರ್ಜರ್‌ಗಳು ಕೊಡುವ ಹೆಚ್ಚಿನ ವೋಲ್ಟೇಜಿನ ಹೊಡೆತ ಅದಕ್ಕೆ ಹಾನಿಕರ. ಅದಕ್ಕಾಗಿಯೇ ಲಿಥಿಯಂನ ಆಯ್ಕೆಯನ್ನು ಬೇರೆಯಾಗಿ ಇಟ್ಟಿರುತ್ತಾರೆ.