ಒಳಗಿನರಿವಿನ ಮರುಕಡಿತ

ಮಾಡಿದ ತಪ್ಪಿನ ನೆನಪು ಮನುಷ್ಯನನ್ನು ಕಾಡದಿರುವ ದೇಶವಿಲ್ಲ, ಕಾಲವಿಲ್ಲ. ಆದರೆ ಆ ಕಾಟವನ್ನು ಒಂದೊಂದು ಭಾಷೆ ಒಂದೊಂದು ಬಗೆಯಲ್ಲಿ ಹೆಸರಿಸುತ್ತದೆ. ‘ಅಯೆನ್‌ಬೈಟ್ ಆಫ್ ಇನ್‌ವಿಟ್’ ಎಂಬುದು ಇಂಗ್ಲಿಷಿನಲ್ಲಿ ಅದಕ್ಕಿದ್ದ ಒಂದು ಹಳೆಯ ಹೆಸರು.

1340ರಲ್ಲಿ ಕ್ಯಾಂಟರ್ಬರಿಯ ಸಂತ ಅಗಸ್ಟೀನರ ಮಠದ ಸನ್ಯಾಸಿ ಡ್ಯಾನ್ ಮೈಕೆಲನು ಕೆಂಟ್ ಸೀಮೆಯ ನುಡಿಯಲ್ಲಿ ಬರೆದು ಮುಗಿಸಿದ ಗ್ರಂಥದ ಹೆಸರಿದು. 1279ರಲ್ಲಿ ಡೊಮಿನಿಕನ್ ಪಂಥದ ಲೊರಾಂ ಎಂಬ ಯತಿಯು ಫ್ರಾನ್ಸಿನ ದೊರೆ ಮೂರನೆಯ ಫಿಲಿಪನಿಗಾಗಿ ರಚಿಸಿದ ನೀತಿಗ್ರಂಥದ ಅನುವಾದವಿದು. ದೊರೆಗೆಂದು ಹುಟ್ಟಿದ ಕೃತಿಯನ್ನು ಮೈಕೆಲನು ಪಾಂಡಿತ್ಯವಿಲ್ಲದ ಸಾಮಾನ್ಯರಿಗೆ, ತಂದೆತಾಯಿಗಳಿಗೆ, ಬಂಧುಬಳಗಕ್ಕೆ ಒಪ್ಪಿಸಿದನು. ಅವರು ಪಾಪದಿಂದ ಪಾರಾಗಲಿ, ಅವರ ‘ಇನ್‌ವಿಟ್’ನಲ್ಲಿ ಕಲೆ ಉಳಿಯದಿರಲಿ ಎಂಬುದೇ ಅವನ ಆಶಯ. ಅವನ ಸ್ವಹಸ್ತದ ಪ್ರತಿಯು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ.

ಈಗ ಪದವನ್ನು ಬಿಡಿಸಿ ನೋಡೋಣ. ‘ಅಯೆನ್’ ಎಂದರೆ ಮತ್ತೆ. ‘ಬೈಟ್’ ಎಂದರೆ ಕಡಿತ. ಲ್ಯಾಟಿನ್ನಿನ ‘ರೆಮೊರ್ಸುಸ್’ ಎಂಬ ಪದದ ಅರ್ಥವೂ ಮರುಕಡಿತವೇ. ‘ಇನ್’ ಎಂದರೆ ಒಳಗೆ. ‘ವಿಟ್’ ಎಂದರೆ ಅರಿವು. ‘ಇನ್‌ವಿಟ್’ ಮೈಕೆಲನಿಗಿಂತ ಹಿಂದಿನಿಂದಲೂ ಬಳಕೆಯಲ್ಲಿದ್ದ ಮಾತು. ಈ ‘ವಿಟ್’ ನಮಗೆ ತೀರ ಅಪರಿಚಿತವೂ ಅಲ್ಲ. ಸಂಸ್ಕೃತದ ‘ವಿದ್’ ಧಾತುವಿಗೂ ಇದಕ್ಕೂ ಮೂಲ ಒಂದೇ. ನಾವು ನಿತ್ಯ ಬಳಸುವ ‘ವಿದ್ಯೆ’ ಇದರ ದೂರದ ಬಂಧು.

ಮೈಕೆಲನ ಅನುವಾದದಲ್ಲಿ ದೋಷಗಳು ಹೇರಳ. ಫ್ರೆಂಚ್ ಮೂಲವನ್ನು ಆತ ಹಲವೆಡೆ ತಪ್ಪಾಗಿ ಗ್ರಹಿಸಿದ್ದಾನೆ. ಇಂಗ್ಲಿಷ್ ಜನ ಕೊನೆಗೆ ಉಳಿಸಿಕೊಂಡದ್ದು ಫ್ರೆಂಚಿನ ಮೂಲಕ ಬಂದ ‘ರಿಮೋರ್ಸ್’, ‘ಕಾನ್ಷೆನ್ಸ್’ ಎಂಬ ಮಾತುಗಳನ್ನೇ. ಆದರೂ 1922ರಲ್ಲಿ ಜೇಮ್ಸ್ ಜಾಯ್ಸ್ ತನ್ನ ‘ಯುಲಿಸಿಸ್’ ಕಾದಂಬರಿಯಲ್ಲಿ ಈ ಹಳೆಯ ಹೆಸರಿಗೆ ಮರುಜೀವ ಕೊಟ್ಟನು. ಮರಣಶಯ್ಯೆಯಲ್ಲಿದ್ದ ತಾಯಿ ಬೇಡಿದರೂ ಮೊಣಕಾಲೂರಿ ಪ್ರಾರ್ಥಿಸದ ಮಗನೊಬ್ಬನ ಮನಸ್ಸಿನಲ್ಲಿ ಅದು ಮತ್ತೆ ಮತ್ತೆ ಮೂಡುತ್ತದೆ. ತಂದೆತಾಯಿಗಳಿಗೆಂದು ಬರೆದ ಪುಸ್ತಕದ ಹೆಸರು ಆರು ಶತಮಾನಗಳ ಅನಂತರ ತಾಯಿಯನ್ನು ನೋಯಿಸಿದವನ ಪಾಲಿಗೆ ಬಂದಿತು.

ನಮ್ಮ ‘ಪಶ್ಚಾತ್ತಾಪ’ ಆಮೇಲೆ ಸುಡುವ ತಾಪ. ಅವರದು ಮರಳಿ ಬೀಳುವ ಕಡಿತ. ತಾಪವು ಕಾಲಕ್ರಮದಲ್ಲಿ ಆರಬಹುದು. ಆದರೆ ಆ ಹಳೆಯ ಪದದಲ್ಲಿ ಕಡಿಯುವುದು ಹೊರಗಿನ ನ್ಯಾಯಾಧೀಶನಲ್ಲ, ನೆರೆಹೊರೆಯ ನಿಂದೆಯೂ ಅಲ್ಲ, ನಮ್ಮದೇ ಅರಿವು. ಅರಿವಿಲ್ಲದವನಿಗೆ ಕಡಿತವೂ ಇಲ್ಲ. ಆದುದರಿಂದ ತಪ್ಪು ಮಾಡಿಯೂ ನೋವು ತಿಳಿಯದಿದ್ದರೆ, ತಪ್ಪು ಸಣ್ಣದೆಂದು ಸಮಾಧಾನಪಡುವ ಮೊದಲು, ಅರಿವು ಎಚ್ಚರವಾಗಿದೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವುದು ಲೇಸು.